ಹಳದಿ ತೋರದ ಕಾಮಣಿ

ಹುಬ್ಬಳ್ಳಿಯ ಕೇಶ್ವಾಪುರದ ಕಡೆಯಿಂದ ಹೊರಡುವ ರಸ್ತೆಯೊಂದಕ್ಕೆ ಸುಳ್ಳ ರಸ್ತೆ ಎಂದೇ ಹೆಸರು. ಪಟ್ಟಣದ ಮನೆಗಳು ಮುಗಿದ ಮೇಲೆ ಅದು ಎರೆಹೊಲಗಳ ನಡುವೆ ಸಾಗಿ ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮವನ್ನು ಮುಟ್ಟುತ್ತದೆ. ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆಯ ಸೀಮೆ ಇದು. ಇಲ್ಲಿಯ ಯಾವ ಊರಿನಲ್ಲಿಯೂ ‘ಕಾಮಣಿ’ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಹಳದಿಯಾಗುತ್ತದೆ, ಮೂತ್ರ ಹಳದಿಯಾಗುತ್ತದೆ, ಊಟ ಸೇರುವುದಿಲ್ಲ. ಆಗ ಮನೆಯವರು ಹುಡುಕುವುದು ಕಾಮಣಿ ಔಷಧ ಕೊಡುವವರನ್ನು. ಹೋಬಳಿಗೊಬ್ಬರಾದರೂ ಅಂಥವರು ಸಿಗುತ್ತಾರೆ. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಡುವವರಿದ್ದಾರೆ. ತೋಳಿಗೆ ಚುಟಿಗೆ ಹಾಕುವವರಿದ್ದಾರೆ. ಸುಣ್ಣದ ನೀರಿನಲ್ಲಿ ಕೈ ತೊಳೆಸಿ, ಇಳಿದ ಹಳದಿಯನ್ನು ರೋಗಿಗೇ ತೋರಿಸುವವರೂ ಇದ್ದಾರೆ. ಎಲ್ಲರೂ ಹೇಳುವ ಪಥ್ಯ ಮಾತ್ರ ಒಂದೇ: ಎಣ್ಣೆ ಬೇಡ, ಖಾರ ಬೇಡ.

ಈ ಔಷಧಗಳ ಮೇಲೆ ಜನರಿಗಿರುವ ನಂಬಿಕೆ ಬರಿಯ ಮೌಢ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ಆ ನಂಬಿಕೆಗೆ ಅನುಭವದ ಆಧಾರವಿದೆ. ನಮ್ಮ ಹಳ್ಳಿಗಳಲ್ಲಿ ಕಾಣುವ ಕಾಮಾಲೆಯ ಬಹುಪಾಲು ಕೊಳೆ ನೀರಿನಿಂದ, ಕೊಳೆ ಆಹಾರದಿಂದ ಬರುವಂಥದು. ಅದರ ಹಿಂದಿರುವ ವೈರಸ್‌ಗಳಿಗೆ ವೈದ್ಯರು ಹೆಪಟೈಟಿಸ್ ‘ಎ’ ಮತ್ತು ‘ಇ’ ಎಂದು ಹೆಸರಿಟ್ಟಿದ್ದಾರೆ. 1955ರ ಕೊನೆಯಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಚರಂಡಿ ನೀರು ಬೆರೆತು ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂದಿತ್ತು. ಅದು ‘ಇ’ ವೈರಸ್ಸಿನ ಕೆಲಸವೆಂದು ತಿಳಿದದ್ದು ದಶಕಗಳ ಮೇಲೆ. ಈ ಎರಡು ಬಗೆಯ ಕಾಮಾಲೆಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಗರ್ಭಿಣಿಯರಿಗೆ ‘ಇ’ ಬಂದರೆ ಮಾತ್ರ ಪ್ರಾಣಕ್ಕೇ ಅಪಾಯ. ಉಳಿದವರಲ್ಲಿ ಸೊಪ್ಪು ಕುಡಿದವನೂ ಗುಣವಾಗುತ್ತಾನೆ, ಕುಡಿಯದವನೂ ಗುಣವಾಗುತ್ತಾನೆ. ಕುಡಿದವನು ಸೊಪ್ಪಿನ ಗುಣ ಹಾಡುತ್ತಾನೆ, ಅಷ್ಟೇ ವ್ಯತ್ಯಾಸ.

ತೊಂದರೆ ಇರುವುದು ಬೇರೆ ಕಡೆ. ಹಳದಿ ಕಂಡರೆ ರೋಗ, ಹಳದಿ ಇಳಿದರೆ ಗುಣ ಎಂಬ ಲೆಕ್ಕ ಪೂರ್ತಿ ತಪ್ಪಿಹೋಗುವ ಇನ್ನೊಂದು ಕಾಮಣಿ ಇದೆ. ಅದು ಮೈಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಇದ್ದರೂ ಕಣ್ಣು ಹಳದಿಯಾಗುವುದಿಲ್ಲ. ಹಸಿವು ಕೆಡುವುದಿಲ್ಲ, ಹೊಲದ ಕೆಲಸ ನಿಲ್ಲುವುದಿಲ್ಲ. ಕೊನೆಗೊಂದು ದಿನ ಕಾಲು ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಇಲ್ಲವೆ ರಕ್ತ ವಾಂತಿಯಾಗಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಯಕೃತ್ತು, ಎಂದರೆ ಜನ ಈಗ ಲಿವರ್ ಎಂದು ಕರೆಯುವ ಅಂಗ, ಗಂಟುಗಟ್ಟಿ ಕುಗ್ಗಿರುತ್ತದೆ. ಹಾಗೆ ಸತ್ತವನನ್ನು ಊರು ‘ಕುಡಿದು ಸತ್ತ’ ಎನ್ನುತ್ತದೆ. ಜನ್ಮದಲ್ಲಿ ಒಂದು ತೊಟ್ಟು ಸೆರೆ ಮುಟ್ಟದವರಿಗೂ ಈ ಅಪವಾದ ತಪ್ಪಿಲ್ಲ. ಇದು ದೀರ್ಘಕಾಲದ ಹೆಪಟೈಟಿಸ್ ‘ಬಿ’. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನ ಇದನ್ನು ಹೊತ್ತಿದ್ದರು. ಅವರಲ್ಲಿ ಸುಮಾರು 2 ಕೋಟಿ 98 ಲಕ್ಷ ಜನ ಭಾರತದವರು. ಆ ಒಂದೇ ವರ್ಷ ಸತ್ತವರು 11 ಲಕ್ಷ.

ಇದಕ್ಕೆ ಈಗ ಔಷಧವಿದೆ. ದಿನಕ್ಕೊಂದು ಮಾತ್ರೆ. ಆದರೆ ಮೈಯಲ್ಲಿ ಏನೂ ಆಗಿಲ್ಲದವನು ದಿನವೂ ಮಾತ್ರೆ ನುಂಗಬೇಕೆಂಬ ಮಾತಿಗೆ ಹಳ್ಳಿಯಲ್ಲೇನು, ಪಟ್ಟಣದಲ್ಲೂ ಸುಲಭಕ್ಕೆ ಒಪ್ಪಿಗೆ ಸಿಗುವುದಿಲ್ಲ. ಕಾಣದ ರೋಗವನ್ನು ವೈದ್ಯಶಾಸ್ತ್ರವೇ ಕಂಡುಕೊಂಡದ್ದು ಬಹಳ ತಡವಾಗಿ. ಅದಕ್ಕೆ ಔಷಧ ಸಿಕ್ಕಿದ್ದು ಇನ್ನೂ ತಡವಾಗಿ, ಅದೂ ಬೇರೊಂದು ರೋಗದ ಬೆನ್ನು ಹತ್ತಿ ಹೋದಾಗ.

ಕಾಮಾಲೆಯ ಹೆಸರು ಹಳೆಯದು. ಚರಕ ಸಂಹಿತೆಯಲ್ಲಿ ‘ಕಾಮಲಾ’ ಪಾಂಡುರೋಗದ ಜೊತೆಗೇ ಬರುತ್ತದೆ. ನಮ್ಮ ಕಾಮಾಲೆ, ಕಾಮಣಿ ಎರಡೂ ಆ ಮೂಲದವು. ಆದರೆ ರಕ್ತದ ಮೂಲಕ ಹರಡುವ ಕಾಮಾಲೆಯೊಂದು ಬೇರೆಯೇ ಇದೆ ಎಂಬ ಸುಳಿವು ಸಿಕ್ಕಿದ್ದು ಜರ್ಮನಿಯ ಬ್ರೆಮೆನ್ ಬಂದರಿನಲ್ಲಿ. 1883ರಲ್ಲಿ ಅಲ್ಲಿಯ ಹಡಗುಕಟ್ಟೆಯ 1,289 ಕೆಲಸಗಾರರಿಗೆ ಸಿಡುಬಿನ ದೇವಿ ಹಾಕಿದರು. ಆ ಲಸಿಕೆಯನ್ನು ಮನುಷ್ಯರ ಮೈಯಿಂದಲೇ ತೆಗೆದಿದ್ದರು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಜನ ಹಳದಿಯಾದರು. ಬೇರೆ ಲಸಿಕೆ ಹಾಕಿಸಿಕೊಂಡ ಪಕ್ಕದ ಕೆಲಸಗಾರರಿಗೆ ಏನೂ ಆಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದೇ ಕತೆ ದೊಡ್ಡದಾಗಿ ಮರುಕಳಿಸಿತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ್ರವ ಬೆರೆತಿತ್ತು. ಸುಮಾರು 50 ಸಾವಿರ ಸೈನಿಕರು ಆಸ್ಪತ್ರೆ ಸೇರಿದರು. ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತೆಂದು ದಶಕಗಳ ನಂತರ ಲೆಕ್ಕ ಹಾಕಲಾಯಿತು. 1947ರಲ್ಲಿ ಬ್ರಿಟನ್ನಿನ ಮೆಕಲಮ್ ಎಂಬ ವೈದ್ಯರು ನೀರಿನ ಕಾಮಾಲೆಗೆ ‘ಎ’ ಎಂದೂ ರಕ್ತದ ಕಾಮಾಲೆಗೆ ‘ಬಿ’ ಎಂದೂ ಹೆಸರು ಕೊಟ್ಟರು. ಹೆಸರು ಬಂತು, ವೈರಸ್ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅದು ಸಿಕ್ಕಿದ್ದು ಅದನ್ನು ಹುಡುಕದೆ ಇದ್ದವರಿಗೆ. ಬರೂಚ್ ಬ್ಲುಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಹುಟ್ಟಿನಿಂದಲೇ ಬರುವ ವ್ಯತ್ಯಾಸಗಳೇನು ಎಂದು ಪರೀಕ್ಷಿಸುತ್ತಿದ್ದರು. ಹಲವು ಬಾರಿ ರಕ್ತ ಪಡೆದಿದ್ದ ನ್ಯೂಯಾರ್ಕಿನ ಒಬ್ಬ ರೋಗಿಯ ರಕ್ತದ್ರವ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಯಾವುದೋ ವಸ್ತುವಿನೊಡನೆ ಬೆರೆತು ಗೆರೆ ಕಟ್ಟಿತು. ಆ ವಸ್ತುವಿಗೆ ‘ಆಸ್ಟ್ರೇಲಿಯ ಆಂಟಿಜೆನ್’ ಎಂದು ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ್ದಿರಬಹುದೆಂಬುದು ಅವರ ಮೊದಲ ಊಹೆ. ಮೊದಲು ಆ ವಸ್ತು ಇಲ್ಲದಿದ್ದ ಒಬ್ಬ ರೋಗಿಯ ರಕ್ತದಲ್ಲಿ ಅದು ಹೊಸದಾಗಿ ಕಾಣಿಸಿ, ಜೊತೆಗೆ ಯಕೃತ್ತಿನ ಉರಿಯೂತವೂ ಕಂಡುಬಂತು. ಅದರ ಹಿಂದೆಯೇ ಪ್ರಯೋಗಾಲಯದ ಸಹಾಯಕಿಯೊಬ್ಬರಿಗೂ ಹಾಗೆಯೇ ಆಯಿತು. ತಾವು ಹಿಡಿದದ್ದು ‘ಬಿ’ ವೈರಸ್ಸಿನ ಹೊರ ಅಂಗಿ ಎಂದು ಆಗ ಹೊಳೆಯಿತು. 1976ರಲ್ಲಿ ಬ್ಲುಂಬರ್ಗ್‌ಗೆ ನೊಬೆಲ್ ಬಂತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದರು. ಅವರ ಜನ್ಮದಿನ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ಈ ಪತ್ತೆಯಿಂದ ಮೊದಲು ಲಾಭವಾದದ್ದು ರಕ್ತ ಪಡೆಯುವವರಿಗೆ. ದಾನಿಯ ರಕ್ತವನ್ನು ಮುಂಚೆಯೇ ಪರೀಕ್ಷಿಸಲು ಸಾಧ್ಯವಾಯಿತು. ಆದರೆ ಪರೀಕ್ಷೆ ಇರುವುದು ಬೇರೆ, ಅದು ಪ್ರತಿ ಬಾಟಲಿಗೂ ತಪ್ಪದೆ ನಡೆಯುವುದು ಬೇರೆ. ಇದಕ್ಕೆ ದೇಶವೆಲ್ಲ ಬಲ್ಲ ಉದಾಹರಣೆ ಕರ್ನಾಟಕದ ನೆಲದಲ್ಲೇ ಶುರುವಾಯಿತು. 1982ರ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ತೆಗೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ಅವರು ಬದುಕಿದ್ದೇ ಹೆಚ್ಚು ಎಂಬಂತಾಗಿತ್ತು. ಅವರೇ ಸಾರ್ವಜನಿಕವಾಗಿ ಹೇಳಿರುವಂತೆ, ಸುಮಾರು 200 ದಾನಿಗಳ 60 ಬಾಟಲಿ ರಕ್ತ ಅವರ ಮೈ ಸೇರಿತು. ಅದರಲ್ಲೊಂದು ಬಾಟಲಿಯಲ್ಲಿ ‘ಬಿ’ ವೈರಸ್ ಇತ್ತು. ತಿಳಿದದ್ದು ಹದಿನೆಂಟು ವರ್ಷಗಳ ಮೇಲೆ, ಸಾಮಾನ್ಯ ತಪಾಸಣೆಯೊಂದರಲ್ಲಿ. ಅಷ್ಟರಲ್ಲಿ ಯಕೃತ್ತಿನ ಮುಕ್ಕಾಲು ಪಾಲು ಹಾಳಾಗಿತ್ತು. ದೇಶದ ಅತ್ಯುತ್ತಮ ವೈದ್ಯರು ಕೈಯಳತೆಯಲ್ಲಿದ್ದ ಮನುಷ್ಯನಿಗೇ ಹದಿನೆಂಟು ವರ್ಷ ಸುಳಿವು ಸಿಗಲಿಲ್ಲ ಎಂದ ಮೇಲೆ ಎರೆಹೊಲದ ರೈತನಿಗೆ ಸಿಗಲಿಲ್ಲವೆಂದು ಬಯ್ಯುವುದರಲ್ಲಿ ಅರ್ಥವಿಲ್ಲ. 2017ರಲ್ಲಿ ಬಚ್ಚನ್ ಅವರನ್ನು ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾ ವಲಯದ ಹೆಪಟೈಟಿಸ್ ರಾಯಭಾರಿಯನ್ನಾಗಿ ನೇಮಿಸಿತು.

ಆ ಕಾಲದಲ್ಲಿ ರಕ್ತ ಮಾರಿ ಬದುಕುವವರೇ ಇದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ ರಕ್ತ ಮಾರಾಟ ನಿಂತದ್ದು 1998ರ ಜನವರಿ 1ರಿಂದ. ಹಳ್ಳಿಗಳಿಗೆ ರಕ್ತದ ಬಾಟಲಿಗಿಂತ ಹತ್ತಿರದ ಅಪಾಯ ಸೂಜಿಯದು. ‘ಗುಳಿಗಿ ಬ್ಯಾಡ್ರಿ, ಒಂದು ಸೂಜಿ ಮಾಡ್ರಿ’ ಎಂದು ಕೇಳುವ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ. ಗಾಜಿನ ಪಿಚಕಾರಿಯನ್ನು ಸರಿಯಾಗಿ ಕುದಿಸದೆ ಒಬ್ಬರಿಂದೊಬ್ಬರಿಗೆ ಚುಚ್ಚಿದ ಕಾಲವೊಂದಿತ್ತು. ಒಮ್ಮೆ ಬಳಸಿ ಬಿಸಾಡುವ ಸೂಜಿ ಬಂದ ಮೇಲೂ ಅದನ್ನೇ ಮತ್ತೆ ಬಳಸಿದ ಪ್ರಸಂಗಗಳಿವೆ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ‘ಬಿ’ ಹಬ್ಬಿ ಹತ್ತಾರು ಜನ ಸತ್ತಾಗ ಬೆರಳು ತೋರಿದ್ದು ಬಳಸಿದ ಸೂಜಿಗಳತ್ತಲೇ. ಜಾತ್ರೆಯಲ್ಲಿ ಹತ್ತು ಜನರಿಗೆ ಒಂದೇ ಸೂಜಿಯಲ್ಲಿ ಹಚ್ಚೆ ಹಾಕುವುದು, ಒಬ್ಬರ ಬ್ಲೇಡಿನಲ್ಲಿ ಇನ್ನೊಬ್ಬರಿಗೆ ಕ್ಷೌರ ಮಾಡುವುದು, ಇವೂ ದಾರಿಗಳೇ. ಮೈಯಿಂದ ಹೊರಬಿದ್ದು ಒಣಗಿದ ಮೇಲೂ ಈ ವೈರಸ್ ಏಳು ದಿನ ಜೀವ ಹಿಡಿದಿರಬಲ್ಲದು. ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಒಂದೇ ತಂಬಿಗೆಯ ನೀರು ಕುಡಿಯುವುದರಿಂದ ಮಾತ್ರ ಇದು ಬರುವುದಿಲ್ಲ. ರೋಗಿಗೆ ಬೇರೆ ತಾಟು, ಬೇರೆ ಹಾಸಿಗೆ ಮಾಡುವ ಮನೆಗಳು ಈ ಒಂದು ವಿಷಯ ತಿಳಿದರೆ ಎಷ್ಟೋ ಕಣ್ಣೀರು ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ದಾರಿ ಹೆರಿಗೆ. ತಾಯಿಯಿಂದ ಮಗುವಿಗೆ ದಾಟಿದ ವೈರಸ್ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ನಿಲ್ಲುತ್ತದೆ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ ತೊಂಬತ್ತೈದು ಜನ ತಾವೇ ಅದನ್ನು ಹೊರದಬ್ಬುತ್ತಾರೆ. ಎಳೆಯ ಮಗುವಿನ ಮೈಗೆ ಆ ವೈರಸ್ ಪರಕೀಯ ಎಂದೇ ಗೊತ್ತಾಗುವುದಿಲ್ಲ. ಅದು ಮನೆಯವನಂತೆ ಒಳಗಿದ್ದುಬಿಡುತ್ತದೆ. ಹಾಗೆ ಉಳಿದವರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನರಿಗೆ ಮುಂದೆ ಯಕೃತ್ತು ಗಂಟುಗಟ್ಟುವ ಸಿರೋಸಿಸ್ ಇಲ್ಲವೆ ಕ್ಯಾನ್ಸರ್ ಬರುತ್ತದೆ.

ಇವರಿಗೆ ಕೊಡಲು ಏನಿತ್ತು? 1980ರ ದಶಕದ ಕೊನೆಯವರೆಗೆ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಆಗ ವಿಜ್ಞಾನಿಗಳ ಕಣ್ಣು ಬಿದ್ದದ್ದು ನಮ್ಮ ಹೊಲದ ಬದುವಿನ ಮೇಲೆ. ಮಳೆ ಬಿದ್ದ ಮೇಲೆ ತಾನಾಗಿ ಹುಟ್ಟುವ, ಎಲೆಯ ಕೆಳಗೆ ಸಾಲಾಗಿ ಕಿರುಕಾಯಿ ಬಿಡುವ ನೆಲನೆಲ್ಲಿ ಕಾಮಣಿಗೆ ಹೆಸರಾದ ಗಿಡ. ಸಂಸ್ಕೃತದಲ್ಲಿ ಅದು ಭೂಮ್ಯಾಮಲಕಿ. ಮದ್ರಾಸ್ ವಿಶ್ವವಿದ್ಯಾಲಯದ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಅದೇ ಬ್ಲುಂಬರ್ಗ್ ಅವರ ಜೊತೆಗೂಡಿ ಈ ಗಿಡವನ್ನು ಪರೀಕ್ಷೆಗೆ ಒಡ್ಡಿದರು. ಮೊದಲು ಪ್ರಯೋಗಾಲಯದಲ್ಲಿ ಮತ್ತು ಅಮೆರಿಕದ ವುಡ್‌ಚಕ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿಯಲ್ಲಿ ಪ್ರಯೋಗ ನಡೆಯಿತು. ಅದಕ್ಕೂ ‘ಬಿ’ಯ ದಾಯಾದಿ ವೈರಸ್ಸೊಂದು ತಗುಲುತ್ತದೆ. ಆಮೇಲೆ ಮನುಷ್ಯರ ಸರದಿ. 1988ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಬೆರಗು ಹುಟ್ಟಿಸಿತು. ಗಿಡದ ಪುಡಿ ಸೇವಿಸಿದ 37 ಜನರಲ್ಲಿ 22 ಜನರ ರಕ್ತದಿಂದ ಆಸ್ಟ್ರೇಲಿಯ ಆಂಟಿಜೆನ್ ಮಾಯವಾಗಿತ್ತು. ಬರಿಯ ತೋರಿಕೆಯ ಪುಡಿ ತಿಂದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ನೆಲನೆಲ್ಲಿ ಗೆದ್ದಿತು ಎಂದೇ ಎಲ್ಲರಿಗೂ ಅನಿಸಿತು. ಆದರೆ ವಿಜ್ಞಾನದಲ್ಲಿ ಒಬ್ಬರ ಕೈಯಲ್ಲಿ ಆದದ್ದು ಇನ್ನೊಬ್ಬರ ಕೈಯಲ್ಲೂ ಆಗಬೇಕು. ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಗಿಡದ ತಳಿ ಬೇರೆ, ಕಿತ್ತ ಕಾಲ ಬೇರೆ, ರೋಗಿಗಳು ಬೇರೆ ಎಂದು ಕಾರಣ ಹೇಳಿದವರಿದ್ದರು. ಕಾರಣ ಯಾವುದೇ ಇರಲಿ, ‘ಬಿ’ಗೆ ನಂಬಬಹುದಾದ ಮದ್ದೆಂದು ನೆಲನೆಲ್ಲಿ ನಿಲ್ಲಲಿಲ್ಲ. ನಾಟಿ ಔಷಧವನ್ನು ಯಾರೂ ಪರೀಕ್ಷಿಸಿಯೇ ಇಲ್ಲ ಎಂಬ ದೂರು ಮಾತ್ರ ಈ ಗಿಡದ ಮಟ್ಟಿಗೆ ನ್ಯಾಯವಲ್ಲ. ನೊಬೆಲ್ ಪಡೆದ ವಿಜ್ಞಾನಿಯೇ ಅದಕ್ಕೆ ಅವಕಾಶ ಕೊಟ್ಟು ನೋಡಿದ್ದರು.

ಅತ್ತ ಪಶ್ಚಿಮದಲ್ಲಿ ಇಂಟರ್‌ಫೆರಾನ್ ಬಂತು. ಅದು ನಮ್ಮ ಮೈಯೇ ವೈರಸ್ ವಿರುದ್ಧ ಹುಟ್ಟಿಸುವ ವಸ್ತು. ಅಮೆರಿಕದಲ್ಲಿ ‘ಬಿ’ಗೆ ಅದರ ಬಳಕೆಗೆ 1992ರಲ್ಲಿ ಒಪ್ಪಿಗೆ ದೊರೆಯಿತು. ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳಬೇಕು, ಜ್ವರ, ಮೈಕೈ ನೋವು, ಮನಸ್ಸಿಗೆ ಮಂಕು. ಬೆಲೆಯೂ ವಿಪರೀತ. ಇಷ್ಟಾಗಿ ಫಲ ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಮರುವರ್ಷ ಇನ್ನೂ ಕೆಟ್ಟ ಸುದ್ದಿ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಫಿಯಾಲುರಿಡಿನ್ ಎಂಬ ಹೊಸ ಮಾತ್ರೆಯನ್ನು 15 ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ರಕ್ತದಲ್ಲಿ ವೈರಸ್ ಇಳಿಯುತ್ತಿತ್ತು, ಎಲ್ಲರೂ ಹಿಗ್ಗಿದ್ದರು. ಮೂರು ತಿಂಗಳು ಸಮೀಪಿಸುವ ಹೊತ್ತಿಗೆ ಒಬ್ಬೊಬ್ಬರಾಗಿ ಏಳು ಜನರ ಯಕೃತ್ತು ಕುಸಿಯಿತು. ಐವರು ಸತ್ತರು, ಇಬ್ಬರು ಬೇರೆಯವರ ಯಕೃತ್ತು ಕಸಿ ಮಾಡಿಸಿಕೊಂಡು ಉಳಿದರು. ಆ ಔಷಧ ವೈರಸ್ಸಿನ ಜೊತೆಗೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವನ್ನೂ ನಿಧಾನವಾಗಿ ಕೊಲ್ಲುತ್ತಿತ್ತು. ಇಂದು ನಿಶ್ಚಿಂತೆಯಿಂದ ನುಂಗುವ ಮಾತ್ರೆಗಳ ಹಿಂದೆ ಈ ಐದು ಸಾವುಗಳ ಪಾಠವೂ ಇದೆ. ಆಮೇಲಿನ ಇಂಥ ಪ್ರತಿಯೊಂದು ಔಷಧವನ್ನೂ ಆ ಅಪಾಯ ಇದೆಯೇ ಎಂದು ಮೊದಲೇ ಸೋಸಿ ನೋಡುವಂತಾಯಿತು.

ನಿಜವಾದ ದಾರಿ ತೆರೆದದ್ದು ಬಾತುಕೋಳಿಗಳಿಂದ ಮತ್ತು ಏಡ್ಸ್ ರೋಗದಿಂದ. 1982ರಲ್ಲಿ ಜೆಸ್ಸಿ ಸಮರ್ಸ್ ಮತ್ತು ವಿಲಿಯಂ ಮೇಸನ್ ಎಂಬ ಇಬ್ಬರು ಬಾತುಕೋಳಿಗಳಿಗೆ ತಗುಲುವ ‘ಬಿ’ಯ ದಾಯಾದಿ ವೈರಸ್ಸನ್ನು ಅಭ್ಯಾಸ ಮಾಡಿ ವಿಚಿತ್ರವೊಂದನ್ನು ಕಂಡರು. ಇದು ಡಿಎನ್‌ಎ ವೈರಸ್. ಆದರೂ ತನ್ನ ನಕಲು ಮಾಡಿಕೊಳ್ಳುವಾಗ ಮೊದಲು ಆರ್‌ಎನ್‌ಎ ರೂಪಕ್ಕೆ ಇಳಿದು, ಅಲ್ಲಿಂದ ಹಿಮ್ಮುಖವಾಗಿ ಮತ್ತೆ ಡಿಎನ್‌ಎ ಕಟ್ಟಿಕೊಳ್ಳುತ್ತದೆ. ಈ ಹಿಮ್ಮುಖ ನಕಲು ಎಚ್‌ಐವಿಯ ಗುಣವೂ ಹೌದು. ಒಬ್ಬನ ಬೀಗಕ್ಕೆ ಮಾಡಿದ ಕೀಲಿಕೈ ಇನ್ನೊಬ್ಬನ ಬೀಗಕ್ಕೂ ಹೊಂದಬಹುದಲ್ಲವೇ?

ಹಾಗೆಯೇ ಆಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಬರ್ನಾರ್ಡ್ ಬೆಲ್ಲೊ ಮತ್ತು ಸಂಗಡಿಗರು ಕಂಡುಹಿಡಿದ ಲ್ಯಾಮಿವುಡಿನ್ ಮೊದಲು ಏಡ್ಸ್ ಔಷಧವಾಗಿ 1995ರಲ್ಲಿ ಹೊರಬಂತು. ಎರಡೂ ಸೋಂಕು ಇದ್ದವರಲ್ಲಿ ‘ಬಿ’ ವೈರಸ್ ಕೂಡ ಇಳಿಯುತ್ತಿತ್ತು. ಇದು ಕೆಲಸ ಮಾಡುವ ಬಗೆ ಸರಳ. ವೈರಸ್ ತನ್ನ ನಕಲನ್ನು ಮಣಿಸರ ಪೋಣಿಸಿದಂತೆ ಒಂದೊಂದೇ ಮಣಿ ಸೇರಿಸಿ ಕಟ್ಟುತ್ತದೆ. ಔಷಧವೂ ಮಣಿಯಂತೆಯೇ ಕಾಣುತ್ತದೆ, ಆದರೆ ಅದಕ್ಕೆ ಒಂದೇ ಕಡೆ ತೂತು. ಅದನ್ನು ಪೋಣಿಸಿದ ಕೂಡಲೇ ಸರ ಅಲ್ಲಿಗೇ ನಿಲ್ಲುತ್ತದೆ. 1998ರ ಡಿಸೆಂಬರಿನಲ್ಲಿ ಅಮೆರಿಕ ಇದನ್ನು ‘ಬಿ’ಗೆಂದು ಒಪ್ಪಿತು. ಬಾಯಿಂದ ತೆಗೆದುಕೊಳ್ಳುವ ಮೊದಲ ಔಷಧ ಅದು. ಯಕೃತ್ತು ಈಗಾಗಲೇ ಕೆಟ್ಟಿದ್ದ 651 ಜನರ ಮೇಲೆ ತೈವಾನಿನ ಲಿಯಾವ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ರೋಗ ಮುಂದುವರಿದದ್ದು ನೂರಕ್ಕೆ ಎಂಟರಷ್ಟು, ಪಡೆಯದವರಲ್ಲಿ ಹದಿನೆಂಟರಷ್ಟು. ಕ್ಯಾನ್ಸರ್ ಕೂಡ ಸುಮಾರು ಅರ್ಧಕ್ಕೆ ಇಳಿದಿತ್ತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಕೊರತೆ ಒಂದಿತ್ತು. ವೈರಸ್ ಬುದ್ಧಿವಂತನಾಯಿತು. ತೂತಿಲ್ಲದ ಮಣಿಯನ್ನು ಗುರುತಿಸಿ ಬಿಸಾಡಲು ಕಲಿಯಿತು. ಐದು ವರ್ಷ ಲ್ಯಾಮಿವುಡಿನ್ ತೆಗೆದುಕೊಂಡವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನರಲ್ಲಿ ಅದು ನಾಟದಾಯಿತು. 2002ರಲ್ಲಿ ಅಡೆಫೋವಿರ್, 2005ರಲ್ಲಿ ಎಂಟೆಕಾವಿರ್ ಬಂದವು. ಎರಡನೆಯದು ಇಂದಿಗೂ ಮುಖ್ಯ ಔಷಧಗಳಲ್ಲೊಂದು. 2008ರಲ್ಲಿ ‘ಬಿ’ಗೆ ಒಪ್ಪಿಗೆ ಪಡೆದ ಟೆನೊಫೋವಿರ್ ಇವೆಲ್ಲವನ್ನೂ ಹಿಂದೆ ಹಾಕಿತು. ಪ್ರಾಗ್ ನಗರದ ರಸಾಯನ ವಿಜ್ಞಾನಿ ಆಂಟೊನಿನ್ ಹೋಲಿ ಮತ್ತು ಬೆಲ್ಜಿಯಂನ ಎರಿಕ್ ಡಿ ಕ್ಲರ್ಕ್ ಇವರ ಜೋಡಿ ಸಂಶೋಧನೆಯಿಂದ ಹುಟ್ಟಿದ ಔಷಧ ಇದು. ಇದನ್ನು ತಪ್ಪಿಸಿಕೊಳ್ಳಲು ವೈರಸ್ಸಿಗೆ ಸುಲಭದ ಉಪಾಯ ಸಿಕ್ಕಿಲ್ಲ. 2013ರಲ್ಲಿ ಇದರ ಬಗ್ಗೆ ಬಂದ ವರದಿ ಹಳೆಯ ನಂಬಿಕೆಯೊಂದನ್ನು ಅಲುಗಿಸಿತು. ಚಿಕಿತ್ಸೆಗೆ ಮೊದಲು ಸಿರೋಸಿಸ್ ಇದ್ದ 96 ಜನರ ಯಕೃತ್ತಿನ ಚೂರನ್ನು ಐದು ವರ್ಷ ಮಾತ್ರೆ ಕೊಟ್ಟ ಮೇಲೆ ನೋಡಿದರೆ 71 ಜನರಲ್ಲಿ ಸಿರೋಸಿಸ್ ಉಳಿದಿರಲಿಲ್ಲ. ಗಂಟುಗಟ್ಟಿದ ಯಕೃತ್ತು ಮತ್ತೆ ಸರಿಹೋಗದು ಎಂದು ವೈದ್ಯರೇ ಪಾಠ ಹೇಳುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಕೆಲವರಲ್ಲಿ ಈ ಮಾತ್ರೆಯಿಂದ ಮೂತ್ರಪಿಂಡಕ್ಕೂ ಎಲುಬಿಗೂ ತೊಂದರೆಯಾಗುವುದುಂಟು. 2016ರಲ್ಲಿ ಬಂದ ಅದರ ಹೊಸ ರೂಪದಲ್ಲಿ ಆ ತೊಂದರೆ ಕಡಿಮೆ.

ಔಷಧ ಇದ್ದರಾಯಿತೇ? ಅದು ಕೈಗೆಟುಕಬೇಕು. ಟೆನೊಫೋವಿರ್‌ನ ಒಡೆತನ ಹೊಂದಿದ್ದ ಅಮೆರಿಕದ ಗಿಲಿಯಡ್ ಕಂಪೆನಿ 2006ರಲ್ಲಿ ಭಾರತದ ಕೆಲವು ಕಂಪೆನಿಗಳಿಗೆ ತಯಾರಿಕೆಯ ಪರವಾನಗಿ ನೀಡಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. ಪರವಾನಗಿ ಬೇಡವೆಂದ ಸಿಪ್ಲಾ ಮತ್ತು ಎಚ್‌ಐವಿ ಸೋಂಕಿತರ ಸಂಘಟನೆಗಳು ಪೇಟೆಂಟಿಗೇ ತಕರಾರು ಹೂಡಿದವು. 2009ರಲ್ಲಿ ಭಾರತದ ಪೇಟೆಂಟ್ ಕಚೇರಿ ಗಿಲಿಯಡ್ ಅರ್ಜಿಗಳನ್ನು ತಳ್ಳಿಹಾಕಿತು. ಹಲವು ಕಂಪೆನಿಗಳು ಪೈಪೋಟಿಯಲ್ಲಿ ಮಾಡತೊಡಗಿದ ಮೇಲೆ ಬೆಲೆ ಇಳಿಯಿತು. ಏಡ್ಸ್ ರೋಗಿಗಳು ತಮಗಾಗಿ ನಡೆಸಿದ ಹೋರಾಟದ ಫಲ ‘ಬಿ’ ರೋಗಿಗಳಿಗೂ ದಕ್ಕಿತು. ಈ ರೋಗಿಗಳ ಪರವಾಗಿ ಕೂಗುವವರು ಅಂದೂ ಕಡಿಮೆ, ಇಂದೂ ಕಡಿಮೆ.

2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ‘ಬಿ’ ಮತ್ತು ‘ಸಿ’ ಎರಡಕ್ಕೂ ಪರೀಕ್ಷೆ ಮತ್ತು ಔಷಧ ಉಚಿತ. ಸುಳ್ಳದ ರೈತನಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಹುಬ್ಬಳ್ಳಿಯದೇ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾದ ಅದು ಜನರ ಬಾಯಲ್ಲಿ ಕಿಮ್ಸ್ ಎಂದೇ ಉಳಿದಿದೆ. ದಾರಿ ದೂರವಿಲ್ಲ, ಮಾತ್ರೆಗೆ ದುಡ್ಡಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರ ಕೊನೆಗೆ ಜಗತ್ತಿನ ‘ಬಿ’ ಸೋಂಕಿತರಲ್ಲಿ ತಮಗೆ ರೋಗವಿದೆಯೆಂದು ತಿಳಿದಿದ್ದವರು ನೂರಕ್ಕೆ 13, ಔಷಧ ಪಡೆದವರು ನೂರಕ್ಕೆ 3. ಉಳಿದವರಿಗೆ ಕೊರತೆಯಾದದ್ದು ಔಷಧಕ್ಕಿಂತ ಮೊದಲು ಒಂದು ರಕ್ತಪರೀಕ್ಷೆ. ತೋಟ್ಲ ತೂಗಿದ ಮನೆಯಲ್ಲಿ, ಶಸ್ತ್ರಚಿಕಿತ್ಸೆಗೆ ಹೋದಾಗ, ರಕ್ತದಾನ ಶಿಬಿರದಲ್ಲಿ, ಹೀಗೆ ಬೇರೇನಕ್ಕೋ ಮಾಡಿಸಿದ ಪರೀಕ್ಷೆಯಲ್ಲಿ ಇದು ಹೊರಬೀಳುವುದೇ ಹೆಚ್ಚು. ಹಾಗೆ ಹೊರಬಿದ್ದ ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಮಗಳ ಮದುವೆ ಮುಗಿಯಲಿ ಎಂದು ಸುಮ್ಮನಾಗುವ ಮನೆಗಳೂ ಇವೆ.

ಚೀಟಿ ಬಂದವರೆಲ್ಲ ಮಾತ್ರೆ ನುಂಗಬೇಕೆಂದೇನೂ ಇಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ, ಯಕೃತ್ತಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಉಳಿದವರು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಂಡಿದ್ದರೆ ಸಾಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ನಿಯಮಗಳನ್ನು ಸಡಿಲಿಸಿ ಇನ್ನೂ ಹೆಚ್ಚು ಜನರಿಗೆ ಔಷಧ ಕೊಡಬಹುದೆಂದಿತು. ವೈರಸ್ ಹೆಚ್ಚಿರುವ ಗರ್ಭಿಣಿಯರಿಗೂ ಟೆನೊಫೋವಿರ್ ಕೊಡುತ್ತಾರೆ. ಅದರ ಜೊತೆಗೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬಿದ್ದರೆ ತಾಯಿಯ ರೋಗ ಮಗುವಿಗೆ ದಾಟುವುದು ಬಹುಮಟ್ಟಿಗೆ ತಪ್ಪುತ್ತದೆ. ಆ ಲಸಿಕೆಯೂ ಒಮ್ಮೆ ಬಡವರಿಗೆ ನಿಲುಕದ್ದಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಕುಸಿಯಿತು. 2007–08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳ ಮಕ್ಕಳಿಗೆ, 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳಿಗೆ ಅದು ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಬಂತು. ಅದಕ್ಕೂ ಮೊದಲು ಹುಟ್ಟಿದವರು, ಎಂದರೆ ಇಂದು ಹೊಲದಲ್ಲಿ ದುಡಿಯುತ್ತಿರುವ ಹೆಚ್ಚಿನವರು, ಆ ರಕ್ಷಣೆಯಿಲ್ಲದೆ ಬೆಳೆದವರು.

ಮಾತ್ರೆ ಶುರುಮಾಡಿದವರನ್ನು ಕಾಡುವ ಪ್ರಶ್ನೆ ಒಂದೇ: ಎಷ್ಟು ದಿನ? ಎರೆಹೊಲದ ಕರಿಕೆಯನ್ನು ಬಲ್ಲವರಿಗೆ ಉತ್ತರ ತಿಳಿಯುವುದು ಕಷ್ಟವಲ್ಲ. ಮೇಲಿನ ಹುಲ್ಲು ಎಷ್ಟು ಕೊಯ್ದರೂ ಕೆಳಗಿನ ಬೇರು ಉಳಿದಿರುತ್ತದೆ. ಈ ವೈರಸ್ ತನ್ನ ಡಿಎನ್‌ಎಯ ಉಂಗುರವೊಂದನ್ನು ಯಕೃತ್ತಿನ ಜೀವಕೋಶದ ನಡುಗೂಡಿನಲ್ಲಿ ಹುದುಗಿಸಿಟ್ಟಿರುತ್ತದೆ. ಈಗಿನ ಮಾತ್ರೆಗಳು ಹೊಸ ಚಿಗುರನ್ನು ತಡೆಯುತ್ತವೆ, ಆ ಬೇರನ್ನು ಮುಟ್ಟಲಾರವು. ಆದ್ದರಿಂದ ಹೆಚ್ಚಿನವರಿಗೆ ಇದು ವರ್ಷಗಟ್ಟಲೆಯ, ಹಲವರಿಗೆ ಜೀವನಪೂರ್ತಿಯ ಔಷಧ. ಮೈ ಚೆನ್ನಾಗಿದೆ, ರಕ್ತದಲ್ಲಿ ವೈರಸ್ಸೂ ಕಾಣುತ್ತಿಲ್ಲ ಎಂದು ಹೇಳದೆ ಕೇಳದೆ ನಿಲ್ಲಿಸಿದವರಲ್ಲಿ ವೈರಸ್ ಒಮ್ಮೆಲೇ ಉಕ್ಕಿ ಯಕೃತ್ತನ್ನು ಕುಸಿಯುವಂತೆ ಮಾಡಿದ್ದುಂಟು. ಕಾಮಣಿ ಔಷಧವನ್ನು ಎರಡು ಭಾನುವಾರ ಕುಡಿದು ಮುಗಿಸಿ ರೂಢಿಯಿರುವ ಊರಿನಲ್ಲಿ ವೈದ್ಯರು ಎಲ್ಲಕ್ಕಿಂತ ಹೆಚ್ಚು ಸಾರಿ ಹೇಳಬೇಕಾದ ಮಾತು ಇದೇ. ಹತ್ತಾರು ವರ್ಷ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಷ್ಟು ಜನರ ರಕ್ತದಿಂದ ಆ ಆಸ್ಟ್ರೇಲಿಯ ಆಂಟಿಜೆನ್ ಕೂಡ ಮಾಯವಾಗುತ್ತದೆ. ಅಂಥವರಿಗೆ ಮಾತ್ರ ವೈದ್ಯರು ಇನ್ನು ನಿಲ್ಲಿಸಿ ನೋಡೋಣ ಎನ್ನುತ್ತಾರೆ.